ನದಿ ದಾಟಿಸಿದ ಮಾತು

ಯುಲಿತೋರ್ನಿಯೊ, ಫಿನ್ಲೆಂಡ್ ದಡ
ಶನಿವಾರ, ಮಾರ್ಚ್ 9, 2024

ಪ್ರೀತಿಯ ಅಜ್ಜಿ,

ಸೊಂಟದ ನೋವು ಹೇಗಿದೆ? ಆಪರೇಷನ್ ಆದಮೇಲೆ ಮೊದಲ ಸಲ ಕೋಲು ಹಿಡಿದು ಅಡುಗೆಮನೆಯವರೆಗೆ ನಡೆದೆಯೆಂದು ಅತ್ತೆ ಬರೆದಿದ್ದಳು. ಗೋಥೆನ್‌ಬರ್ಗಿನ ಕಾಫಿ ನೀರುನೀರು ಎಂದು ಗೊಣಗುತ್ತಿದ್ದೀಯಂತೆ. ಗೊಣಗುವಷ್ಟು ತ್ರಾಣ ಬಂದಿದೆಯಲ್ಲ, ನನಗೆ ಅಷ್ಟೇ ಸಾಕು. ನನ್ನ ಮೂಗಿನ ತುದಿ ಚಳಿಗೆ ಸುಟ್ಟಿದೆ, ಉಳಿದಂತೆ ಚೆನ್ನಾಗಿದ್ದೇನೆ. ಈ ಡೇರೆಯ ಬಾಗಿಲಲ್ಲಿ ನಿಂತರೆ ನದಿಯಾಚೆ ಸ್ವೀಡನ್ ದಡದಲ್ಲಿ ನಮ್ಮೂರಿನ ಇಗರ್ಜಿ ಕಾಣುತ್ತದೆ. ಮನೆಯ ಎದುರಿಗೇ ಪರದೇಶದಲ್ಲಿದ್ದೇನೆ, ನೋಡು.

ಈಗ ಸುದ್ದಿ. ಎರಡು ದಿನದಿಂದ ಯಾರಿಗಾದರೂ ಹೇಳಬೇಕೆಂದು ಬಾಯಿ ತುರಿಸುತ್ತಿದೆ, ಮೊದಲು ನಿನಗೇ ಹೇಳಬೇಕು. ನಮ್ಮ ಸೈನ್ಯದವರು, ಫಿನ್ಲೆಂಡಿನವರು, ನಾರ್ವೆಯವರು ಸೇರಿ ಇಲ್ಲಿ ಕವಾಯತು ನಡೆಸುತ್ತಿದ್ದೇವಲ್ಲ, ಎಲ್ಲರ ತೋಳಿಗೂ ಒಂದೇ ಬಗೆಯ ಬಟ್ಟೆಯ ಗುರುತು ಹೊಲಿಸಿದ್ದಾರೆ. ನಮ್ಮ ಮೇಜರ್ ಎಕ್‌ವಾಲ್ ದಕ್ಷಿಣದ ಸ್ಕೋನೆಯವರು. ಗುರುವಾರ ಬೆಳಿಗ್ಗೆ ನಮ್ಮನ್ನೆಲ್ಲ ನಿಲ್ಲಿಸಿ, “ನ್ಯಾಟೊದಲ್ಲಿ ಮೂವತ್ತೊಂದು ದೇಶ ಇದೆ, ಇವತ್ತೋ ನಾಳೆಯೋ ನಾವು ಮೂವತ್ತೆರಡನೆಯವ್ರು. ಆದ್ರೆ ಈ ಉತ್ತರದಲ್ಲಿ ಏನಾದ್ರೂ ಆದ್ರೆ ಮೊದ್ಲು ಓಡಿ ಬರಬೇಕಾದವ್ರು ನಾವು ಮೂರು ದೇಶದವ್ರೇ. ಒಂದೇ ಮನೆಯವ್ರ ಥರ ಇರೋದು ಕಲೀರಿ” ಎಂದರು. ಆಮೇಲೆ ಆಜ್ಞೆ ಓದಿದರು: ರೇಡಿಯೊದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು. ತೋಳಿನ ಗುರುತು ನನಗೆ ಬರೀ ಬಟ್ಟೆಯ ತುಂಡಾಗಿಯೇ ಕಂಡಿತು.

ಅಂದು ನಾವು ನಮ್ಮ ದಡದಿಂದ ಇಲ್ಲಿಗೆ ನದಿ ದಾಟಬೇಕಿತ್ತು, ಹೆಪ್ಪುಗಟ್ಟಿದ ನದಿಯ ಮೇಲೆ ಇಪ್ಪತ್ತನಾಲ್ಕು ವಾಹನ. ಮೊದಲನೆಯದರಲ್ಲಿ ನಾನು, ಎರಡನೆಯದರಲ್ಲಿ ಮೇಜರ್. ಈ ದಡದಲ್ಲಿ ದಾರಿ ತೋರಿಸಲು ಯರ್ಮೊ ಹಿಲ್ತುನೆನ್ ಎಂಬ ಫಿನ್ಲೆಂಡಿನ ಹಳೇ ಸಾರ್ಜೆಂಟ್. ಅವನ ಇಂಗ್ಲಿಷ್ ನನ್ನದಕ್ಕಿಂತ ಬಡಕಲು. ನಾವು ಕಾಲುಭಾಗ ಬಂದಿರಬೇಕು, ಅವನು ರೇಡಿಯೊದಲ್ಲಿ ಹಿಮ ಒದ್ದೆ, ಹಿಮ ಒದ್ದೆ ಎನ್ನತೊಡಗಿದ. “ಹಿಮ ಒದ್ದೆಯಾಗಿರ್ದೆ ಇನ್ನೇನು ಒಣಗಿರತ್ತಾ? ನಡೀರಿ ಮುಂದೆ” ಎಂದರು ಮೇಜರ್. ಆಗ ಯರ್ಮೊನಿಗೆ ತಾಳ್ಮೆ ತಪ್ಪಿತು. ಆಜ್ಞೆಯನ್ನು ಬದಿಗಿಟ್ಟು ತನ್ನ ಭಾಷೆಯಲ್ಲೇ, “ಅಲ್ಲಿ ಉಹ್ಕು ಇದೆ ಕಣ್ರಪ್ಪಾ, ಉಹ್ಕು” ಎಂದು ಕಿರುಚಿದ.

ಅಜ್ಜಿ, ಆ ಇಪ್ಪತ್ತನಾಲ್ಕು ವಾಹನಗಳಲ್ಲಿ ಆ ಪದ ಗೊತ್ತಿದ್ದವಳು ನಾನೊಬ್ಬಳೇ. ಮೇಲಿನ ಹಿಮಕ್ಕೂ ಕೆಳಗಿನ ಮಂಜುಗಡ್ಡೆಗೂ ನಡುವೆ ಅಡಗಿ ಕೂತ ನೀರು. ಮೇಲಿಂದ ಬೆಳ್ಳಗೆ ಒಣಗಿದಂತೆ ಕಾಣುತ್ತದೆ, ಅಡಿಯಲ್ಲಿ ಮಂಜುಗಡ್ಡೆ ಬಿರುಕು ಬಿಟ್ಟಿರುತ್ತದೆ. ನಾನು ಏಳು ವರ್ಷದವಳಿದ್ದಾಗ ಮೀನಿಗೆ ಕರೆದುಕೊಂಡು ಹೋಗಿ ನೀನೇ ಕೋಲು ಊರಿಸಿ ತೋರಿಸಿ, ನದಿಯ ಎರಡೂ ದಡದವರಾಡುವ ನಮ್ಮ ಹಳೇ ಫಿನ್ನಿಷ್ ಮಾತಲ್ಲಿ ಅದರ ಹೆಸರು ಹೇಳಿಕೊಟ್ಟಿದ್ದೆ. ದಡ ಹತ್ತಿ ರಸ್ತೆಗೆ ಬಂದೊಡನೆ, “ನಮ್ಮ ಮಾತು ಇಲ್ಲಿಗೆ ಸಾಕು ಮಗಾ, ಇನ್ನು ಸ್ವೀಡಿಷ್ ಆಡು” ಎನ್ನುತ್ತಿದ್ದೆ. ಶಾಲೆಯಲ್ಲಿ ಆ ಮಾತಾಡಿದ್ದಕ್ಕೆ ನಿನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರೆಂದು ಅಪ್ಪ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಡ್ರೈವರನ ಹೆಗಲನ್ನು ಎಳೆದು ನಿಲ್ಲಿಸಿದೆ. ಅಷ್ಟರಲ್ಲಿ ವಾಹನದ ಮೂತಿ ಒಂದಡಿ ಕುಸಿದು ಗಾಜಿಗೆ ನೀರು ಚಿಮ್ಮಿತು. ರೇಡಿಯೊ ಎತ್ತಿ ಎಲ್ಲರಿಗೂ ಕೇಳುವಂತೆ ನಮ್ಮ ಮಾತಲ್ಲೇ ಕೇಳಿದೆ: “ಗಟ್ಟಿ ಎಲ್ಲಿದೆ ಹೇಳಣ್ಣ.” ಯರ್ಮೊ, “ಯಾರಮ್ಮ ನೀನು? ನಮ್ಮಜ್ಜಿ ಕಾಲದ ಮಾತಾಡ್ತೀಯಲ್ಲ” ಎಂದ. “ಅದು ಆಮೇಲೆ. ದಾರಿ ಹೇಳು” ಎಂದೆ. “ಬಂದ ಜಾಡಲ್ಲೇ ಹಿಂದೆ ಹೋಗು. ಮೇಲ್ಗಡೆ ದ್ವೀಪ ಇದೆಯಲ್ಲ, ಅದರ ಬಗಲಲ್ಲಿ ಈಗಷ್ಟೇ ಕೊರೆದು ನೋಡಿದೀನಿ, ಎಂಬತ್ತು ಸೆಂಟಿಮೀಟರ್ ದಪ್ಪ ಇದೆ.” ಅದನ್ನು ಸ್ವೀಡಿಷ್‌ನಲ್ಲಿ ಮೇಜರರಿಗೆ ಹೇಳಿದೆ. ಪುಣ್ಯಾತ್ಮ ಮರುಪ್ರಶ್ನೆ ಹಾಕಲಿಲ್ಲ. ಅವನು ಹೇಳುವುದು, ನಾನು ದಾಟಿಸುವುದು, ಹೀಗೆ ಒಂದೂವರೆ ಗಂಟೆ. ಕಡೆಯ ವಾಹನ ದಡ ಹತ್ತಿದ ಮೇಲೆಯೇ ರೇಡಿಯೊ ಕೆಳಗಿಟ್ಟೆ.

ಮೇಜರ್ ಕರೆಸಿದಾಗ ಆಜ್ಞೆ ಮುರಿದದ್ದಕ್ಕೆ ಶಿಕ್ಷೆ ಖಂಡಿತ ಅಂದುಕೊಂಡೆ. ಅವರು ನಕ್ಷೆ ಹರಡಿ ಪೆನ್ಸಿಲ್ ಕೊಟ್ಟರು. “ಆ ಪದ ಇಲ್ಲಿ ಬರಿ” ಎಂದರು. “ಈ ಮಾತನ್ನ ನಾನು ಆಡಿದೀನಿ ಮೇಜರ್, ಯಾವತ್ತೂ ಬರೆದಿಲ್ಲ” ಎಂದೆ. ಕೊನೆಗೆ ಯರ್ಮೊ ಅಕ್ಷರ ಹೇಳಿದ, ನಾನು ಬರೆದೆ. ಈಗ ಹಿಮದ್ದು, ನೀರಿನದು ಎಂದು ನಲವತ್ತೊಂದು ಪದಗಳ ಪಟ್ಟಿಯಾಗಿದೆ. ನಾರ್ವೆಯವರೂ ತಮ್ಮದು ಸೇರಿಸಿದ್ದಾರೆ. ಇನ್ನು ಮುಂದೆ ಅವು ರೇಡಿಯೊದಲ್ಲಿ ಎಲ್ಲರಿಗೂ ಸಲ್ಲುತ್ತವೆ.

ಅಂದು ರಾತ್ರಿಯೂಟಕ್ಕೆ ಬಟಾಣಿ ಸಾರು, ಪ್ಯಾನ್‌ಕೇಕ್; ನಮ್ಮಲ್ಲೂ ಇವರಲ್ಲೂ ಗುರುವಾರಕ್ಕೆ ಅದೇ ಅಲ್ಲವೆ. ಇವರದು ಹಸಿರು ಬಟಾಣಿ. “ಇದೇನು, ಪಾಚಿನಾ?” ಎಂದು ನಮ್ಮ ಹುಡುಗರು ಕೇಳಿದ್ದಕ್ಕೆ, “ನಿಮ್ಮ ಹಳದಿ ಸಾರು ಕುಡಿದ್ರೆ ಕಾಮಾಲೆ ಬರತ್ತೆ” ಎಂದ ಯರ್ಮೊ. ಜಗಳ ನಡೆಯುತ್ತಿರುವಾಗಲೇ ಸ್ವೀಡನ್ ನ್ಯಾಟೊ ಸೇರಿತೆಂದು ಸುದ್ದಿ ಬಂತು; ಫಿನ್ಲೆಂಡಿನವರು ಹೋದ ವರ್ಷವೇ ಸೇರಿದ್ದರಲ್ಲ. ಯಾರೂ ಕುಣಿಯಲಿಲ್ಲ. ಯರ್ಮೊ ಮಾತ್ರ ಬೆಂಚಿನಲ್ಲಿ ಸರಿದು, ನನ್ನ ತಟ್ಟೆಗೆ ಇನ್ನೊಂದು ಪ್ಯಾನ್‌ಕೇಕ್ ಹಾಕಿ, “ಬಾರಮ್ಮ, ವರ್ಷದಿಂದ ನಿಮಗೆ ಜಾಗ ಹಿಡಿದು ಕೂತಿದೀನಿ” ಎಂದ. ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಅತ್ತೆಗೂ ಅವಳ ಬೆಕ್ಕಿಗೂ ನನ್ನ ನೆನಪು ತಿಳಿಸು. ಕೋಲು ಬಿಟ್ಟು ನಡೆಯುವ ಸಾಹಸ ಬೇಡ. ನನಗಾಗಿ ಒಂದು ಪ್ರಾರ್ಥನೆ ಮಾಡು, ಉದ್ದದ್ದೇ ಮಾಡು.

ನಿನ್ನ
ಸಿಗ್ನೆ

ಮ.ಬ.: ಡೇರೆ ಕೀಳುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೂರೂ ದೇಶದವರ ಹೊಸ ತುಕಡಿಯೊಂದು ಫಿನ್ಲೆಂಡಿನಲ್ಲಿ ನಿಲ್ಲಲಿದೆ. ಮೂರು ವರ್ಷಕ್ಕೆ ನಾನು ನಿನ್ನೆ ಸಹಿ ಹಾಕಿದೆ. ಅಪ್ಪನಿಗೆ ಹೇಳಿಲ್ಲ. ನ್ಯಾಟೊ ಬೇಡವೆಂದು ಎರಡು ಚಳಿಗಾಲ ಫಲಕ ಹಿಡಿದು ಚೌಕದಲ್ಲಿ ನಿಂತವನು, ನಾನು ಹೇಳಿದರೆ ಫೋನ್ ಇಟ್ಟುಬಿಡುತ್ತಾನೆ. ನೀನು ಫೋನ್ ಮಾಡಿ ಹೇಳಜ್ಜಿ. ಸ್ವೀಡಿಷ್ ಬೇಡ, ನಮ್ಮ ಮಾತಲ್ಲೇ ಹೇಳು, ಗಟ್ಟಿಯಾಗಿ. ಅತ್ತೆಯ ಮನೆಯವರೆಲ್ಲ ಕೇಳಿಸಿಕೊಳ್ಳಲಿ.