ಎಡಭುಜದ ಪ್ಯಾಡು

ಪುಟ್ಟಿ,

ಹೊಲಿಗೆ ಅಂಗಡಿಗೆ ಹೊರಟೆ. ಆಪರೇಷನ್ ಮಾತೆತ್ತಿದ್ದಕ್ಕೆ ನನ್ನ ಮೇಲಿರೋ ಕೋಪಾನ ಊಟದ ಮೇಲೆ ತೀರಿಸ್ಕೋಬೇಡ, ಬಿಸಿ ಮಾಡ್ಕೊಂಡು ತಿನ್ನು. ಎಕ್ಸ್‌ರೇ ಮಡಚಬೇಡ.

ಆಪರೇಷನ್ನಿಗೆ ಎರಡನೇ ಡಾಕ್ಟರೇ ಇರಲಿ ಅನ್ಸುತ್ತೆ. ಮೊದಲನೆಯವರು ಎಕ್ಸ್‌ರೇ ನೋಡಿದರೇ ಹೊರತು ನಿನ್ನ ಮುಖ ನೋಡಲಿಲ್ಲ. ಇವರು ನಿನ್ನ ಮುಂದಕ್ಕೆ ಬಗ್ಗಿಸಿ ಬೆನ್ನು ನೋಡಿ, “ನಿಂಗೇನು ಭಯ, ಹೇಳಮ್ಮ” ಅಂದರು. ನೀನು ಹೂಂ ಅಂದ ಮೇಲೇ ನಾನು ಸಹಿ ಹಾಕೋದು.

ಬೆನ್ನುಮೂಳೆ ಬಾಗಿದ್ದು ಯಾರ ತಪ್ಪೂ ಅಲ್ಲವಂತೆ. ಆದರೆ ಎರಡು ವರ್ಷದಿಂದ ನಿನ್ನ ಅಂಗಿಗಳ ಎಡಭುಜಕ್ಕೆ ಪ್ಯಾಡಿಟ್ಟು ಸಮ ಮಾಡಿದವಳು ನಾನು. ನನ್ನ ಕತ್ತರಿಯೇ ಓರೆ ಹೋಗ್ತಿದೆ ಅಂದ್ಕೊಂಡಿದ್ದೆ. ಇದನ್ನ ಹೊಲಿಗೆ ಮೆಷಿನ್ನಿಗೆ ಬಿಟ್ಟು ಇನ್ಯಾರಿಗೂ ಹೇಳಿಲ್ಲ.

ನೀಲಿ ಅಂಗಿಯ ಪ್ಯಾಡು ಬಿಚ್ಚಿದ್ದೀನಿ. ಸಂಜೆ ಅದನ್ನ ಹಾಕ್ಕೊಂಡು ನನ್ನ ಮುಂದೆ ಒಂದು ಸಲ ನಿಲ್ಲು. ಟೇಪು ಹಿಡಿಯಲ್ಲ, ಸುಮ್ಮನೆ ನೋಡ್ತೀನಿ.

ಅಮ್ಮ