ಪರವೂರಿಗೆ ಹೋದ ಮಂಚಗಳು

ಹೆಂಗಸರ ವಾರ್ಡು, ಕಿಟಕಿಯ ಪಕ್ಕ
ಬುಧವಾರ, ಊಟವಾದ ಮೇಲೆ

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಊರೂರು ಸುತ್ತುವವಳು, ಕಂಡ ಕಂಡ ಕಡೆ ನೀರು ಕುಡಿಯಬೇಡ. ಆಸ್ಪತ್ರೆಗಳ ತಪಾಸಣೆಗೆ ಹೋದ ಕಡೆ ಒಂದು ಲೋಟ ಕಾಫಿಯನ್ನೂ ಮುಟ್ಟಬಾರದು ಅಂತ ನಿಮ್ಮ ಮಂಡಳಿಯ ನಿಯಮವಂತಲ್ಲ, ಒಳ್ಳೆಯ ನಿಯಮವೇ. ಹಾಗಂತ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಕೆಲಸ ಮಾಡಬೇಡ, ಏನಾದರೂ ಕಟ್ಟಿಕೊಂಡು ಹೋಗು. ನನ್ನ ಕಾಲು ಪರವಾಗಿಲ್ಲ. ಪ್ಲಾಸ್ಟರಿನ ಒಳಗೆ ತುರಿಕೆ ಒಂದು ಬಿಟ್ಟರೆ ನೋವಿಲ್ಲ. ಹಾಲಿನವನು ನೀರು ಬೆರೆಸುತ್ತಾನೋ ಅಂತ ನೋಡಲು ಸ್ಟೂಲು ಹತ್ತಿ ಬಿದ್ದವಳು ಇವಳು ಅಂತ ನಿಮ್ಮಪ್ಪ ಇಡೀ ವಾರ್ಡಿಗೆ ಡಂಗುರ ಸಾರಿದ್ದಾರೆ. ಅವನು ಬೆರೆಸುತ್ತಿದ್ದ ಅನ್ನುವುದನ್ನು ಮಾತ್ರ ಹೇಳಿಲ್ಲ. ದೇವರಂಥ ಮನುಷ್ಯ, ಎಲ್ಲರನ್ನೂ ನಂಬುತ್ತಾರೆ. ಅದಕ್ಕೇ ಇಬ್ಬರ ಪಾಲಿನ ಅನುಮಾನವನ್ನೂ ನಾನೊಬ್ಬಳೇ ಪಡಬೇಕಾಗಿದೆ.

ಫೋನು ಮಾಡದೆ ಕಾಗದ ಯಾಕೆ ಬರೆದಳು ಅಂದುಕೊಂಡೀಯ. ಇಲ್ಲಿ ಗೋಡೆಗೂ ಕಿವಿಯಿದೆ. ನಾನು ಫೋನು ಹಿಡಿದರೆ ಸಾಕು, ಆಸ್ಪತ್ರೆಯ ಮೇಲ್ವಿಚಾರಕ ಬಂದು ಕಿಟಕಿಯ ಗಾಜು ಒರೆಸಲು ನಿಲ್ಲುತ್ತಾನೆ. ಹಿಂದೆ ಎಂದಾದರೂ ಆ ಗಾಜು ಬಟ್ಟೆ ಕಂಡಿತ್ತೇ? ನೀನಾಗಿ ಬಂದು ನೋಡು ಅನ್ನೋಣವೆಂದರೆ, ಅಮ್ಮ ಮಲಗಿರುವ ಆಸ್ಪತ್ರೆಯನ್ನು ಮಗಳು ತಪಾಸಣೆ ಮಾಡಬಾರದು, ವರದಿ ಒಪ್ಪಿಸುವ ತನಕ ಅಲ್ಲಿ ಕಾಲಿಡಲೂಬಾರದು ಅಂತ ನಿಮ್ಮವರೇ ಹೇಳಿದ್ದಾರೆ. ಹಾಗಾಗಿ ಇಲ್ಲಿಯದನ್ನು ನೋಡಲು ನಿನ್ನ ಜೊತೆ ಕೆಲಸ ಮಾಡುವ ಆ ಕನ್ನಡಕದ ಹುಡುಗಿ ಬಂದಿದ್ದಳಲ್ಲ, ಆ ವಾರವೇ ನಮಗೆ ಹೊಸ ಮಂಚಗಳು ಬಂದದ್ದು. ಕಾಲಬದಿಯ ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುವ ಮಂಚ, ಪಕ್ಕಕ್ಕೊಂದು ಲಾಕರು. ಸರ್ಕಾರ ಸುತ್ತಲಿನ ಎಲ್ಲ ಊರುಗಳ ಆಸ್ಪತ್ರೆಗೂ ಕೊಟ್ಟಿದೆಯಂತೆ. ನಾವೆಲ್ಲ ಮಹಾರಾಣಿಯರ ಹಾಗೆ ಒರಗಿ ಕೂತಿದ್ದೆವು. ಆ ಹುಡುಗಿ ಬರೆದುಕೊಂಡು ಹೋದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನನ್ನ ಒಳಮನಸ್ಸು ಆಗಲೇ ಗೊಣಗಿತ್ತು.

ಹೋದ ವಾರ ನನ್ನನ್ನು ಎಕ್ಸ್‌ರೇಗೆ ತಳ್ಳಿಕೊಂಡು ಹೋದರು. ವಾಪಸು ಬರುವಷ್ಟರಲ್ಲಿ ವಾರ್ಡು ಖಾಲಿ ಮೈದಾನ! ಮಂಚವೂ ಇಲ್ಲ, ಲಾಕರೂ ಇಲ್ಲ. ನೆಲದ ಮೇಲೆ ಸಾಲಾಗಿ ಚಾಪೆ, ಚಾಪೆಯ ಮೇಲೆ ನಾವು. ಹಳೆಯ ಮಂಚಗಳೆಲ್ಲಿ ಅಂದರೆ ಅವನ್ನು ಗುಜರಿಗೆ ಹಾಕಿ ಆಗಿದೆ. ಹೊಸವೆಲ್ಲಿ ಅಂದರೆ, ಬಣ್ಣ ಹೊಡೆಸಲು ಕಳಿಸಿದ್ದಾರಂತೆ. ಬಂದು ತಿಂಗಳಾಗದ ಮಂಚಕ್ಕೆ ಬಣ್ಣವೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು ನಾನಲ್ಲ. ಆಯಾಳನ್ನು ಪುಸಲಾಯಿಸಿದೆ. ಅವಳು ನೆಲ ಒರೆಸುವ ನೆಪದಲ್ಲಿ ಬಗ್ಗಿ, “ಪರವೂರಿಗೆ ಹೋಗಿದಾವಮ್ಮಾ, ಅಲ್ಲೂ ತಪಾಸಣೆಯಂತೆ. ನಾನು ಹೇಳ್ದೆ ಅಂತ ಹೇಳ್ಬೇಡಿ” ಅಂದಳು. ಪರವೂರು ಅಂದರೆ ನೀನು ತಪಾಸಣೆಗೆ ಹೋಗಿದ್ದೀಯಲ್ಲ, ಅದೇ ಊರು. ಒಂದೇ ಒಡವೆಯನ್ನು ಅಕ್ಕತಂಗಿಯರೆಲ್ಲ ಸರದಿಯ ಮೇಲೆ ಹಾಕಿಕೊಂಡು ಮದುವೆಗೆ ಹೋದ ಹಾಗಾಯಿತು ಇದು. ಉಳಿದ ಊರುಗಳ ಮಂಚದ ದುಡ್ಡು ಯಾರ ಮನೆಯಲ್ಲಿ ಕಾಲು ಚಾಚಿ ಮಲಗಿದೆಯೋ!

ಇನ್ನು ನನ್ನ ಸ್ವಂತ ದುಃಖ ಕೇಳು. ಲಾಕರಿನ ಜೊತೆ ನನ್ನ ಹಲ್ಲಿನ ಸೆಟ್ಟೂ ಹೋಯಿತು. ಎಕ್ಸ್‌ರೇಗೆ ಹೋಗುವಾಗ ಕಳಚಿ ಲಾಕರಿನ ಡ್ರಾಯರಿನಲ್ಲಿಟ್ಟಿದ್ದೆ, ನೀನು ಶಾಲೆಗೆ ಒಯ್ಯುತ್ತಿದ್ದ ಆ ನೀಲಿ ಡಬ್ಬಿಯಲ್ಲಿ. ಒಲೆಗೆ ತಾಗಿ ಮುಚ್ಚಳದ ಅಂಚು ಸುಟ್ಟಿದೆಯಲ್ಲ, ಅದೇ. ಅಂದಿನಿಂದ ಹಾಲಿನಲ್ಲಿ ನೆನೆಸಿದ ಬ್ರೆಡ್ಡೇ ಗತಿ. ಬೈಯಲು ಹೋದರೂ ಬಾಯಿಂದ ಬರೀ ಗಾಳಿ ಬರುತ್ತದೆ, ಎದುರಿಗಿದ್ದವರು ನಗುತ್ತಾರೆ.

ಈಗ ಮನಸ್ಸು ಕೊರೆಯುತ್ತಿರುವ ಮಾತಿಗೆ ಬರುತ್ತೇನೆ. ನಿನ್ನ ಕೈ ನನಗೆ ಗೊತ್ತು. ಚಿಕ್ಕವಳಾಗಿದ್ದಾಗ ನೆಂಟರ ಮನೆಯಲ್ಲೂ ಡ್ರಾಯರು ಎಳೆದು ನೋಡಿ ಏಟು ತಿಂದವಳು. ಆಸ್ಪತ್ರೆಯ ಲಾಕರನ್ನು ತೆರೆಯದೆ ಬಿಟ್ಟೆಯಾ? ಬಿಟ್ಟಿದ್ದರೆ ಅದೆಂಥ ತಪಾಸಣೆ? ತೆರೆದಿದ್ದರೆ ಆ ಡಬ್ಬಿಯನ್ನು ಗುರುತಿಸದೆ ಇರಲು ಸಾಧ್ಯವೇ ಇಲ್ಲ. ನಿನ್ನೆ ಮೇಲ್ವಿಚಾರಕ ಬಂದಿದ್ದ. ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಕೆಲಸದ ಮೇಲೆ ಆ ಊರಿಗೆ ಹೋಗಿದ್ದನಂತೆ, ನಿನ್ನನ್ನು ಕಂಡನಂತೆ. ಇವನಿಗೆ ಅಲ್ಲೇನು ಕೆಲಸವೋ! “ಮೇಡಮ್ಮೋರು ಎಲ್ಲಾ ನೋಡಿ, ಒಂದು ಮಾತೂ ಎತ್ತದೆ ನಗ್‌ನಗ್ತಾ ಹೋದ್ರು. ಅಮ್ಮ ನಮ್ಮ ಹತ್ರಾನೇ ಇದಾರೆ, ಚಿಂತೆ ಬೇಡಿ ಅಂತ ಅವರಿಗೂ ಹೇಳಿ ಬಂದಿದೀನಿ” ಅಂದ. ಪುಟ್ಟೀ, ನಾನು ಹಾಲಿನವನನ್ನು ಅನುಮಾನಿಸಿದ್ದೇನೆ, ತರಕಾರಿಯವಳ ತಕ್ಕಡಿಯನ್ನು ಅನುಮಾನಿಸಿದ್ದೇನೆ, ನಿಮ್ಮಪ್ಪ ವಾಕಿಂಗ್ ಹೋದರೂ ಎಲ್ಲಿಗೆ ಅಂತ ಕೇಳಿದ್ದೇನೆ. ನಿನ್ನನ್ನು ಮಾತ್ರ ಎಂದೂ ಅನುಮಾನಿಸಿರಲಿಲ್ಲ. ಜನರ ದುಡ್ಡು ನಿಜವಾಗಿ ಮಂಚವಾಗಿದೆಯೋ ಬರೀ ಕಾಗದವಾಗಿದೆಯೋ ಅಂತ ನೋಡುವ ಬೇಲಿ ನೀನು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಈ ಯೋಚನೆ ಬಂದಾಗಿನಿಂದ ನನಗೆ ಬ್ರೆಡ್ಡೂ ಸೇರುತ್ತಿಲ್ಲ.

ನನ್ನದು ಕಾಲು, ಹೇಗೋ ಕೂಡಿಕೊಳ್ಳುತ್ತದೆ. ಪಕ್ಕದ ಚಾಪೆಯ ದರ್ಜಿ ಹೆಂಗಸಿಗೆ ಉಬ್ಬಸ. ತಲೆ ಎತ್ತರದಲ್ಲಿದ್ದರೆ ಮಾತ್ರ ಉಸಿರು. ಆ ಮಂಚವಿದ್ದಷ್ಟು ದಿನ ಮಗುವಿನ ಹಾಗೆ ಮಲಗುತ್ತಿದ್ದಳು, ಗೊರಕೆ ಹೊಡೆದರೆ ನಾನೇ ಗದರುತ್ತಿದ್ದೆ. ಈಗ ಚಾಪೆಯ ಮೇಲೆ ಮಲಗಲಾರದೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾಳೆ. ತುಟಿಯೆಲ್ಲ ನೀಲಿಗಟ್ಟಿದೆ. ಅವಳ ಗೊರಕೆ ಮತ್ತೆ ಕೇಳಿದರೆ ಸಾಕು ಅನ್ನಿಸಿಬಿಟ್ಟಿದೆ. ಡಾಕ್ಟರು ಬಂದು ನೋಡಿ, ತಲೆ ಎತ್ತರಿಸಿ ಮಲಗಿಸಿ ಅಂತ ಸಿಸ್ಟರಿಗೆ ಹೇಳಿ ಹೋಗುತ್ತಾರೆ. ಸಿಸ್ಟರು ತಲೆಯಾಡಿಸುತ್ತಾಳೆ. ಏನನ್ನು ಎತ್ತರಿಸಬೇಕು ಅಂತ ಇಬ್ಬರೂ ಕೇಳುವುದಿಲ್ಲ.

ಬೆಚ್ಚಗಿರು, ಚೆನ್ನಾಗಿರು, ನಿನ್ನ ದಾರಿಗೆ ಕಲ್ಲುಮುಳ್ಳು ಅಡ್ಡ ಬರದಿರಲಿ. ನಿಮ್ಮಪ್ಪ ಆಶೀರ್ವಾದ ತಿಳಿಸಿದ್ದಾರೆ. ಈ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಬೇಕಾದವರೂ ಅವರೇ, ಜೇಬಿನಲ್ಲೇ ಮರೆಯುತ್ತಾರೇನೋ ಅಂತ ಅದೂ ಒಂದು ಅನುಮಾನ.

ಇಂತಿ ನಿನ್ನನ್ನು ಹೆತ್ತು, ಈಗ ನಿನ್ನ ಮೇಲೆ ಸಿಟ್ಟಾಗಿರುವ
ಅಮ್ಮ

ಮರೆಯುವ ಮುನ್ನ: ಲಕೋಟೆ ಅಂಟಿಸುವಷ್ಟರಲ್ಲಿ ಲಾಕರು ಬಂತು. ನನ್ನ ಗಲಾಟೆ ತಾಳಲಾರದೆ ಅದೊಂದನ್ನೇ ಆಂಬುಲೆನ್ಸಿನಲ್ಲಿ ತರಿಸಿದ್ದಾರೆ. ಮಂಚಗಳು ಇನ್ನೂ ಮುಂದಿನ ಊರಿಗೆ ಹೋದವಂತೆ. ಡ್ರಾಯರು ಎಳೆದೆ. ಡಬ್ಬಿ ಇತ್ತು, ಕರವಸ್ತ್ರದಲ್ಲಿ ಸುತ್ತಿ ಗಂಟು ಹಾಕಿತ್ತು. ಬಿಳಿ ದಾರ ಮುಗಿದು ಒಂದು ಅಂಚಿಗೆ ಕೆಂಪು ದಾರ ಹಾಕಿ ನಾನೇ ನಿನಗೆ ಹೊಲಿದುಕೊಟ್ಟ ಕರವಸ್ತ್ರ. ಹಾಗಾದರೆ ನೀನು ನೋಡಿದ್ದೀಯ, ಎಲ್ಲಾ ತಿಳಿದಿದೆ ನಿನಗೆ. ಅಮ್ಮ ನಮ್ಮ ಹತ್ರಾನೇ ಇದಾರೆ ಅಂತ ಆ ಮೇಲ್ವಿಚಾರಕ ನಿನಗೆ ಅಂದದ್ದು ಯಾಕೆ ಅಂತ ನನಗೂ ಈಗ ತಿಳಿಯಿತು. ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಕಂದಾ. ಅವನೇ ಈಗಷ್ಟೇ ಬಂದು, ನನಗೊಬ್ಬಳಿಗೇ ಬೇರೆ ಕೋಣೆ ಕೊಡುತ್ತೇನೆ ಅಂದ. ಹಲ್ಲು ಹಾಕಿಕೊಂಡು, ಬೇಡ ಅಂತ ಸ್ಪಷ್ಟವಾಗಿ ಹೇಳಿದೆ. ದರ್ಜಿಯವಳು ಈ ಹೊತ್ತೂ ಗೋಡೆಗೆ ಒರಗಿಯೇ ಕೂತಿದ್ದಾಳೆ. ವರದಿಯಲ್ಲಿ ಕಂಡದ್ದನ್ನೆಲ್ಲ ಬರಿ. ಅಮ್ಮನಿಗೆ ಏನಾದರೂ ಮಾಡಿಯಾರು ಅಂತ ಹೆದರಬೇಡ, ನಾನು ಆಗಲೇ ನೆಲದ ಮೇಲಿದ್ದೇನೆ. ನೆಲಕ್ಕಿಂತ ಕೆಳಗೆ ನನ್ನನ್ನು ಎಲ್ಲಿ ಹಾಕುತ್ತಾರೆ?