ಎಲ್ಲಿಯವರೆಗೆ ಹೊಸಬಳು

ಶಿಕಾರಿಪುರ
೧೮-೧೧-೧೯೫೭

ವಲೀಸಾಬ್ ಬಾವನವರಿಗೆ, ತೀರಿಹೋದ ನಿಮ್ಮ ತಮ್ಮ ಜಮಾಲ್ ಸಾಬರ ಹೆಂಡತಿ ಖುರ್ಷೀದ್ ಬೀ ಮಾಡುವ ಸಲಾಮು.

ದಾವಣಗೆರೆಯ ಹವೆಗೆ ನಿಮ್ಮ ಮಂಡಿನೋವು ಹೇಗಿದೆ? ಅಕ್ಕನವರು ದಿನಾ ಎಣ್ಣೆ ತಿಕ್ಕುತ್ತಿರಬಹುದು. ಇಲ್ಲಿ ನಾನೂ ಮಗಳು ಶಮ್ಸುನ್ನೀಸಾಳೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ.

ಶಿರಾಳಕೊಪ್ಪದವರು ಹುಡುಗಿ ನೋಡಲು ಬಂದ ದಿನ, ಚಹಾ ಮುಗಿದು ತಾರೀಖಿನ ಮಾತು ಬಂದಾಗ ನೀವು ಬಾಯಿ ತೆರೆದಿರಿ. 'ಒಂದ್ ಮಾತು ಮುಚ್ಚಿಡಬಾರ್ದು ನೋಡ್ರಿ, ಹುಡುಗಿ ತಾಯಿ ನೌಮುಸ್ಲಿಂ' ಅಂದಿರಿ. ಅವರು ಮುಖ ಮುಖ ನೋಡಿಕೊಂಡು ಎದ್ದು ಹೋದರು. ನೀವು ಎಲೆಅಡಿಕೆ ಹಾಕಿಕೊಂಡು ಬಸ್ಸಿಗೆ ಹೊರಟಿರಿ. ಒಳಗಿದ್ದ ಶಮ್ಸು, 'ಅಮ್ಮೀ, ಅದು ಬೈಗುಳ ಏನು?' ಎಂದು ಕೇಳಿದಳು. ಮದುವೆಯಾದಾಗಿನಿಂದ ಬೆನ್ನ ಹಿಂದೆ ಕೇಳಿದ ಮಾತು. ಅರ್ಥ ನಾನು ಯಾರನ್ನೂ ಕೇಳಿರಲಿಲ್ಲ. ಮೌಲ್ವಿಗಳ ಮನೆಗೇ ಹೋದೆ. 'ನೌ ಅಂದ್ರೆ ಪಾರಸಿಯಲ್ಲಿ ಹೊಸದು ಅಂತ, ತಾಯಿ. ಹೊಸದಾಗಿ ದೀನಿಗೆ, ಅಂದ್ರೆ ನಮ್ಮ ಧರ್ಮಕ್ಕೆ, ಬಂದವರು. ಪೈಗಂಬರರ ಕಾಲಕ್ಕೆ ಬಂದವರೆಲ್ಲ ಹೊಸಬರೇ, ಬೈಗುಳ ಹೆಂಗಾಗ್ತದೆ?' ಅಂದರು. 'ಹೊಸತನ ಎಷ್ಟು ವರ್ಷ ರೀ?' ಅಂದೆ. 'ಅದು ಕಿತಾಬಿನಾಗೆ ಇಲ್ಲ. ಜನ ಬಿಡೋ ತನಕ' ಅಂದರು.

ನೀವು ಬಿಡಲಿಲ್ಲ. ನಾನು ಚಂದ್ರಗುತ್ತಿಯಲ್ಲಿ ಹುಲಿಗೆಮ್ಮನಾಗಿ ಹುಟ್ಟಿದ್ದು ನಿಜ. ಕಲಿಮಾ ಓದಿ ನಿಮ್ಮ ಮನೆಗೆ ಬಂದಾಗ ನಮ್ಮಣ್ಣ ಚೌಡಪ್ಪ ನನ್ನನ್ನು ಕುಲಗೆಟ್ಟವಳು ಅಂದ. ಅವ್ವ ಸತ್ತಾಗ ಮುಖ ನೋಡಲೂ ಬಿಡಲಿಲ್ಲ. ಅಲ್ಲಿ ಕೆಟ್ಟವಳು, ಇಲ್ಲಿ ಹೊಸಬಳು. ಆದರೆ ನಿಮ್ಮ ತಾಯಿ ಹಾಸಿಗೆ ಹಿಡಿದಾಗ ಅವರ ಮೈ ತೊಳೆದ ಈ ಕೈ ನಿಮಗೆ ಹೊಸದು ಅನ್ನಿಸಲಿಲ್ಲ. ನಿಮ್ಮ ಮುತ್ತಜ್ಜನ ಅಪ್ಪ ತೊಗರ್ಸಿಯ ಉಚ್ಚಂಗಪ್ಪ ಎಂದು ನಿಮ್ಮ ತಮ್ಮನೇ ನಗುತ್ತಾ ಹೇಳಿದ್ದರು. ಆ ದಿನ ನಾನು ಆ ಹೆಸರು ಎತ್ತಿದ್ದರೆ ನಿಮ್ಮ ಗಡ್ಡ ಎಲ್ಲಿ ಇಡುತ್ತಿದ್ದಿರಿ? ಎತ್ತಲಿಲ್ಲ. ಮನೆಯ ಮರ್ಯಾದೆ ನನಗೆ ನೆನಪಿತ್ತು.

ಅಕ್ಕನವರಿಗೆ ಸಲಾಮು, ಮಕ್ಕಳಿಗೆ ದುವಾ. ನಿಮಗೆ ಏನು ಬರೆಯಬೇಕೋ ತಿಳಿಯದೆ ಜಾಗ ಬಿಟ್ಟಿದ್ದೇನೆ.

ಖುರ್ಷೀದ್ ಬೀ

ಮರೆತಿದ್ದೆ: ಬರುವ ಶುಕ್ರವಾರ ಶಮ್ಸುವಿನ ನಿಕಾಹ್. ಹುಡುಗ ಸೊರಬದ ಬಳೆ ಅಂಗಡಿಯವರ ಮಗ. ಅವರಿಗೆ ಚಹಾ ಕೊಡುವ ಮುಂಚೆಯೇ ನನ್ನ ಹುಟ್ಟಿದ ಹೆಸರು ಹೇಳಿದೆ. ಹುಡುಗನ ತಾಯಿ, 'ಸಕ್ಕರೆ ಸ್ವಲ್ಪ ಕಡಿಮೆ ಹಾಕ್ರಿ' ಅಂದರು, ಅಷ್ಟೇ. ಹುಡುಗಿ ಕಡೆಯ ಹಿರಿಯರಾಗಿ ದೊಡ್ಡಪ್ಪ ಕೂರಲಿ ಎಂದು ಖಾಜಿಗಳು ಸೂಚಿಸಿದರು. ಶಮ್ಸು ಪರದೆಯ ಹಿಂದಿನಿಂದಲೇ, 'ಒಪ್ಪಿಗೆ ನಂದು, ನಾನೇ ಹೇಳ್ತೀನಿ. ಅವರು ಬ್ಯಾಡ' ಅಂದಳು. ನೀವು ಬಸ್ಸು ಹತ್ತಬೇಡಿ.